ಬೀದಿಯಲ್ಲಿ ಮೊದಲ ಪಾಲು ಯಾರದು?

(ಕಲಾದಗಿಯಲ್ಲಿ ನೀಡಿದ ದತ್ತಿ ಉಪನ್ಯಾಸ)



ದತ್ತಿ ಉಪನ್ಯಾಸಕ್ಕೆ ಕರೆದಾಗ ವಚನ ಸಾಹಿತ್ಯದ ಮೇಲೋ ಜನಪದದ ಮೇಲೋ ಮಾತಾಡುವುದು ರೂಢಿ. ವಿಷಯದ ಆಯ್ಕೆಯನ್ನು ಸಂಘಟಕರು ನನಗೇ ಬಿಟ್ಟರು. ನಾನು ಆರಿಸಿಕೊಂಡದ್ದು ಬೀದಿ. ಹೊಸ್ತಿಲು ದಾಟಿದ ಕೂಡಲೆ ನಾವೆಲ್ಲ ಕಾಲಿಡುವ ಜಾಗ ಅದು. ಯಾರೊಬ್ಬರ ಹೆಸರಿಗೂ ಅದರ ಉತಾರ ಇಲ್ಲ; ಅದು ಎಲ್ಲರಿಗೂ ಸೇರಿದ್ದು. ಅಲ್ಲಿ ನಡೆದು ಹೋಗುವವರಿಗೆ, ಸೈಕಲ್ ತುಳಿಯುವವರಿಗೆ ಇಂದು ಏನು ಉಳಿದಿದೆ, ನ್ಯಾಯವಾಗಿ ಏನು ಸಿಗಬೇಕು, ಅದನ್ನು ಪಡೆಯುವ ದಾರಿ ಯಾವುದು ಎಂಬುದನ್ನು ನಮ್ಮ ಊರುಗಳನ್ನೇ ಮುಂದಿಟ್ಟುಕೊಂಡು ಹೇಳಲು ಬಯಸುತ್ತೇನೆ.

ಒಂದು ಕಾಲಕ್ಕೆ ಇಡೀ ಜಿಲ್ಲೆಗೆ ಕಲಾದಗಿಯ ಹೆಸರಿತ್ತು. 1885ರಲ್ಲಿ ಜಿಲ್ಲಾ ಕೇಂದ್ರ ವಿಜಯಪುರಕ್ಕೆ ಹೋಯಿತು. ಕಚೇರಿಗಳು ಹೋದರೂ ದಾರಿ ಉಳಿಯಿತು. ಬೆಳಗಾವಿ–ರಾಯಚೂರು ರಸ್ತೆ ಇಂದಿಗೂ ಇಲ್ಲಿಂದಲೇ ಹಾಯುತ್ತದೆ. ಚಿಕ್ಕು, ದಾಳಿಂಬೆಯ ಬುಟ್ಟಿ ಇಟ್ಟುಕೊಂಡು ಕೂಡುವ ಹೆಣ್ಣುಮಕ್ಕಳು, ಬಸ್ಸಿಗೆ ಕಾಯುವ ಕಾಲೇಜು ಹುಡುಗಿಯರು, ತೋಟದ ಕೆಲಸ ಮುಗಿಸಿ ಮನೆಗೆ ಬರುವ ಆಳುಗಳು ನಿಲ್ಲುವುದು ಈ ರಸ್ತೆಯ ಅಂಚಿಗೆ. ಲಾರಿ, ಬಸ್ಸು, ಟಂಟಂ, ಕಬ್ಬಿನ ಟ್ರ್ಯಾಕ್ಟರ್ ಸರಿದು ಹೋಗುವುದೂ ಅದೇ ಅಂಚಿನಲ್ಲಿ. ಡಾಂಬರು ಎಲ್ಲಿ ಮುಗಿಯುತ್ತದೋ ಅಲ್ಲಿ ಗಟಾರ ಶುರು. ಇವೆರಡರ ನಡುವೆ ಮನುಷ್ಯ ಕಾಲೂರಲು ಜಾಗವಿಲ್ಲ. ನಮ್ಮ ಬಹುತೇಕ ಊರುಗಳ ಚಿತ್ರ ಇದೇ.

ಹೊಲ ಪಾಲು ಮಾಡುವಾಗ ನಮ್ಮ ಹಿರಿಯರು ಒಂದು ಎಚ್ಚರ ಇಟ್ಟುಕೊಳ್ಳುತ್ತಿದ್ದರು: ಮನೆಯಲ್ಲಿ ದುರ್ಬಲರಾದವರಿಗೆ, ಗಂಡನನ್ನು ಕಳೆದುಕೊಂಡ ಮಗಳಿಗೆ, ಕೈಲಾಗದ ತಮ್ಮನಿಗೆ ಮೊದಲು ತೆಗೆದಿಟ್ಟು, ಉಳಿದದ್ದನ್ನು ಗಟ್ಟಿಯಿದ್ದವರು ಹಂಚಿಕೊಳ್ಳಬೇಕು. ಬೀದಿಯ ಪಾಲು ಮಾಡುವಾಗ ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ಮೊದಲು ವಾಹನಕ್ಕೆ ಬೇಕಾದಷ್ಟು ಅಗಲ, ಆಮೇಲೆ ಅವು ನಿಲ್ಲಲು ಜಾಗ, ಆಮೇಲೆ ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರ್, ಜಾಹೀರಾತು ಫಲಕ. ಇಷ್ಟಾದ ಮೇಲೆ ಏನಾದರೂ ಉಳಿದರೆ ನಡೆಯುವವರಿಗೆ. ಈ ಕ್ರಮ ಬದಲಾಗಬೇಕು ಎಂಬುದೇ ಇವತ್ತಿನ ನನ್ನ ಮಾತಿನ ತಿರುಳು. ರಸ್ತೆಯ ನಕ್ಷೆ ಬರೆಯುವಾಗ ಮೊದಲ ಗೆರೆ ನಡೆಯುವವರ ಪಾಲಿನದಾಗಿರಬೇಕು.

ಇದೇನು ಅಂಥ ದೊಡ್ಡ ಮಾತು ಎಂದು ಕೇಳುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಅಂದರೆ ದಿನಕ್ಕೆ ಸುಮಾರು 90 ಜನ. ಮನೆಯಿಂದ ಹಾಲಿಗೆ, ಶಾಲೆಗೆ, ಗುಡಿಗೆ, ಕೂಲಿಗೆ ಹೊರಟವರು ತಿರುಗಿ ಬರಲಿಲ್ಲ. ಇಂಥ ಸಾವಿನ ಮನೆಗೆ ಹೋದಾಗ ನಾವು ಆಡುವ ಮಾತು ಒಂದೇ: ‘ಅವನ ಹಣೇಬರ ಅಷ್ಟ ಇತ್ತು, ಏನ್ ಮಾಡ್ಲಿಕ್ಕೆ ಬರ್ತೈತಿ.’ ನೊಂದವರಿಗೆ ಸಮಾಧಾನವಾಗಲಿ ಎಂದು ಆಡುವ ಮಾತು ಅದು, ಅದರಲ್ಲಿ ತಪ್ಪಿಲ್ಲ. ಆದರೆ ಸಮಾಜವಾಗಿ ನಾವು ಅಷ್ಟಕ್ಕೇ ನಿಲ್ಲಬಾರದು. ಶಾಲೆಯ ಮುಂದಿನ ರಸ್ತೆಯಲ್ಲಿ ವಾಹನ ಎಷ್ಟು ವೇಗದಲ್ಲಿ ಹೋಗಬಹುದು, ದಾಟಲು ಎಲ್ಲಿ ಜಾಗ ಇರಬೇಕು, ದೀಪದ ಕಂಬ ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಕಚೇರಿಯಲ್ಲಿ ಕುಳಿತು ಕಾಗದದ ಮೇಲೆ ತೀರ್ಮಾನಿಸಿದ್ದು. ಮನುಷ್ಯರು ಬರೆದದ್ದನ್ನು ಮನುಷ್ಯರು ತಿದ್ದಬಹುದು.

ವಿದ್ಯಾರ್ಥಿಗಳು ಇಲ್ಲಿದ್ದೀರಿ. ನೀವೇ ಮಾಡಿ ನೋಡಬಹುದಾದ ಒಂದು ಗಣಿತ ಹೇಳುತ್ತೇನೆ. ಗಂಟೆಗೆ 30 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 8 ಮೀಟರ್ ಸಾಗುತ್ತದೆ. ಎದುರಿಗೆ ಮಗು ಬಂದದ್ದನ್ನು ಕಂಡು ಚಾಲಕನ ಕಾಲು ಬ್ರೇಕಿಗೆ ಹೋಗಲು ಕನಿಷ್ಠ ಒಂದು ಸೆಕೆಂಡು ಬೇಕು. ಬ್ರೇಕ್ ಒತ್ತಿದ ಮೇಲೆ ಒಣ ರಸ್ತೆಯಲ್ಲಿ ಇನ್ನೂ 5 ಮೀಟರ್. ಒಟ್ಟು 13 ಮೀಟರಿನೊಳಗೆ ವಾಹನ ನಿಲ್ಲುತ್ತದೆ. ಅದೇ ವಾಹನ 60ರ ವೇಗದಲ್ಲಿದ್ದರೆ ಆ ಒಂದು ಸೆಕೆಂಡಿನಲ್ಲೇ 16 ಮೀಟರಿಗಿಂತ ಹೆಚ್ಚು ಸಾಗಿರುತ್ತದೆ. ಬ್ರೇಕ್ ಹಿಡಿದ ಮೇಲೆ ಇನ್ನೂ 20 ಮೀಟರ್. ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ. ಮೊದಲ ಚಾಲಕ ಮಗುವಿನ ಮುಂದೆ ನಿಂತು ಬೈದು ಹೋಗುತ್ತಾನೆ. ಎರಡನೆಯವನ ಕಾಲು ಬ್ರೇಕ್ ಮುಟ್ಟುವ ಮೊದಲೇ ವಾಹನ ಮಗುವನ್ನು ಮುಟ್ಟಿರುತ್ತದೆ. 2020ರ ಫೆಬ್ರುವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ದೇಶಗಳು, ನಡೆಯುವವರು ಮತ್ತು ಸೈಕಲ್ಲಿನವರು ವಾಹನಗಳೊಡನೆ ಬೆರೆಯುವ ಕಡೆಗಳಲ್ಲಿ ಮಿತಿ ಗಂಟೆಗೆ 30 ಕಿಲೋಮೀಟರ್ ಇರಬೇಕೆಂದು ಘೋಷಿಸಿದ್ದು ಇದೇ ಕಾರಣಕ್ಕೆ.

ಈಗ ಬಾಗಲಕೋಟೆಗೆ ಬರುತ್ತೇನೆ. ಬೀದಿಯ ಪಾಲು ಹೇಗೆ ಆಗುತ್ತದೆ ಎಂದು ತಿಳಿಯಲು ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಊರು ಮುಳುಗುತ್ತದೆ ಎಂದಾದಾಗ 1983ರ ಕಾಯಿದೆಯಡಿ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಹೊಸ ಊರಿನ ಯೋಜನೆಗೆ ಚಾರ್ಲ್ಸ್ ಕೊರಿಯಾ ಅವರಂಥ ಹೆಸರಾಂತ ವಾಸ್ತುಶಿಲ್ಪಿಯನ್ನು ಕರೆಸಲಾಯಿತು. ಸೆಕ್ಟರುಗಳು, ಅಗಲ ರಸ್ತೆಗಳು, ಉದ್ಯಾನಕ್ಕೆ ಬಿಟ್ಟ ಜಾಗ: ನವನಗರ ಎದ್ದು ನಿಂತಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾದ ಮೇಲೆ ಕಚೇರಿಗಳೂ ಅಲ್ಲಿಗೇ ಬಂದವು.

ಹಳೆ ಬಾಗಲಕೋಟೆಯ ಓಣಿಗಳು ಇಕ್ಕಟ್ಟು. ಆದರೆ ಆ ಇಕ್ಕಟ್ಟಿನಲ್ಲಿ ಗುಡಿ, ಮಸೀದಿ, ಅಂಗಡಿ, ಶಾಲೆ, ಗಿರಣಿ ಎಲ್ಲವೂ ಕಾಲ್ನಡಿಗೆಯ ದೂರದಲ್ಲಿದ್ದವು. ಮುದುಕಿ ಕೋಲೂರಿಕೊಂಡು ತವರುಮನೆಗೆ ಹೋಗಿ ಬರಬಹುದಿತ್ತು. ಮಕ್ಕಳ ಆಟಕ್ಕೆ ಓಣಿಯೇ ಅಂಗಳ. ಕಟ್ಟೆಯ ಮೇಲೆ ಕೂತ ಹಿರಿಯರ ಕಣ್ಣೇ ಕಾವಲು. ಇಂದು ಊರು ಮೂರು ತುಂಡು: ಪೇಟೆ ಇನ್ನೂ ಹಳೆ ಊರಿನಲ್ಲಿ, ಕಾಲೇಜು ವಿದ್ಯಾಗಿರಿಯಲ್ಲಿ, ಸರಕಾರಿ ಕಚೇರಿ ನವನಗರದಲ್ಲಿ. ಒಂದು ಸಂಸಾರದ ಒಂದು ದಿನದ ಕೆಲಸಕ್ಕೆ ಮೂರೂ ಕಡೆ ಅಡ್ಡಾಡಬೇಕು. ಮುಳುಗಡೆಯಲ್ಲಿ ಮನೆ ಕಳೆದುಕೊಂಡವರು ಪರಿಹಾರದಲ್ಲಿ ನಿವೇಶನ ಪಡೆದರು. ನಡೆದೇ ದಿನ ಸಾಗಿಸಬಹುದಾಗಿದ್ದ ಬದುಕಿಗೆ ಪರಿಹಾರ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಹಾಗೆಂದು ನವನಗರವನ್ನು ನಾನು ಹಳಿಯುತ್ತಿಲ್ಲ. ಅದರ ದೊಡ್ಡ ಆಸ್ತಿಯೇ ಅಗಲ. ಹಳೆ ಪಟ್ಟಣಗಳಲ್ಲಿ ಫುಟ್‌ಪಾತ್ ಮಾಡಬೇಕೆಂದರೆ ಮನೆ ಒಡೆಯಬೇಕಾಗುತ್ತದೆ. ಇಲ್ಲಿ ಒಂದು ಗೋಡೆಯನ್ನೂ ಮುಟ್ಟಬೇಕಾಗಿಲ್ಲ. ಇದ್ದ ಅಗಲವನ್ನು ಹೊಸದಾಗಿ ಪಾಲು ಮಾಡಿದರೆ ಸಾಕು. ಹಳೆ ಊರಿನಿಂದ ವಿದ್ಯಾಗಿರಿಯ ಮೇಲೆ ಹಾಯ್ದು ನವನಗರಕ್ಕೆ ಸೈಕಲ್ ಮೇಲೆ ಹೋಗಲು ಅರ್ಧ ತಾಸು ಸಾಕು. ಆ ದಾರಿಯುದ್ದಕ್ಕೂ ಬೇವಿನ ನೆರಳಿನ ಸೈಕಲ್ ಪಥವೊಂದನ್ನು ಕಟ್ಟಿದರೆ ತುಂಡಾದ ಊರನ್ನು ಕಡಿಮೆ ಖರ್ಚಿನಲ್ಲಿ ಮತ್ತೆ ಕೂಡಿಸಿದಂತಾಗುತ್ತದೆ. ನೆರಳು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಗಿಡವಿಲ್ಲದ ಫುಟ್‌ಪಾತ್ ಅರ್ಧ ಫುಟ್‌ಪಾತ್.

ನಡೆಯುವವರನ್ನು ಗೌರವಿಸುವುದನ್ನು ನಮ್ಮ ಜನರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಹೊರಡುವ ಪಾದಯಾತ್ರೆಯನ್ನು ನೆನೆಯಿರಿ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ಸಾವಿರಾರು ಜನ ಕಂಬಿ ಹೊತ್ತು, ಮಲ್ಲಯ್ಯನ ಹೆಸರು ಹೇಳುತ್ತ ನಡೆಯುತ್ತಾರೆ. ಕೆಲವರು ಮರಗಾಲು ಕಟ್ಟಿಕೊಂಡು ಹೋಗುತ್ತಾರೆ. ದಾರಿಯ ಊರೂರಿನವರು ಪೆಂಡಾಲು ಹಾಕಿ, ನೀರು, ಮಜ್ಜಿಗೆ, ಊಟ ಕೊಟ್ಟು, ಬೊಕ್ಕೆ ಎದ್ದ ಪಾದಕ್ಕೆ ಎಣ್ಣೆ ಹಚ್ಚುತ್ತಾರೆ. ಯಾರೂ ಜಾತಿ ಕೇಳುವುದಿಲ್ಲ, ಹಣ ಕೇಳುವುದಿಲ್ಲ. ಆ ಕೆಲವು ದಿನ ದಾರಿಯ ದೊಡ್ಡ ಮನುಷ್ಯ ನಡೆಯುವವನೇ. ಆದರೆ ಬಿಸಿಲು ತಪ್ಪಿಸಲು ಅವರು ರಾತ್ರಿ ಮತ್ತು ನಸುಕಿನಲ್ಲಿ ನಡೆಯುತ್ತಾರೆ. ಹೆದ್ದಾರಿಯ ಅಂಚಿನಲ್ಲಿ, ಕತ್ತಲೆಯಲ್ಲಿ, ಹಿಂದಿನಿಂದ ಬರುವ ಲಾರಿಯ ದಯೆಯ ಮೇಲೆ. ಯಾತ್ರಿಗಳಿಗೆ ಅನ್ನ ಕೊಡುವ ನಾವು ಅವರಿಗೆ ಸುರಕ್ಷಿತ ಅಂಚನ್ನೂ ಕೊಡಬೇಕು. ವರ್ಷಕ್ಕೊಮ್ಮೆ ನಡೆಯುವವರಿಗೆ ತೋರುವ ಆದರವನ್ನು, ದಿನವೂ ನಡೆದು ಕೂಲಿಗೆ ಹೋಗುವವರಿಗೂ ಸಲ್ಲಿಸಬೇಕು.

ಬಾದಾಮಿಯದೂ ಇದೇ ಮಾತು. ಮೇಣಬಸದಿ, ಅಗಸ್ತ್ಯತೀರ್ಥ, ಭೂತನಾಥ ಗುಡಿ ಇವೆಲ್ಲ ಕಾಲ್ನಡಿಗೆಯಲ್ಲೇ ನೋಡಬೇಕಾದವು. ಜಗತ್ತಿನ ಮೂಲೆಮೂಲೆಯಿಂದ ಬರುವವರು ಬಸ್ ನಿಲ್ದಾಣದ ಮುಂದಿನ ರಸ್ತೆಯಲ್ಲಿ ವಾಹನಗಳ ನಡುವೆ ಸಂದಿ ಹುಡುಕುತ್ತ ನಡೆಯುತ್ತಾರೆ. ಅವರಾದರೂ ಎರಡು ದಿನ ಇದ್ದು ಹೋಗುವವರು. ಊರಿನ ಶಾಲಾ ಮಕ್ಕಳಿಗೆ ಅದು ನಿತ್ಯದ ಪಾಡು. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಕೂಡಿದಾಗ ಬಾದಾಮಿಯಿಂದ ಐದಾರು ಕಿಲೋಮೀಟರ್ ದೂರದ ಆ ದಾರಿಯಲ್ಲಿ ಜನಸಾಗರವೇ ನಡೆಯುತ್ತದೆ. ಆ ರಸ್ತೆಯ ಒಂದು ಬದಿಗಾದರೂ ಕಾಯಂ ನಡಿಗೆ ದಾರಿ, ದೀಪ, ಕೂಡಲು ಕಲ್ಲಿನ ಕಟ್ಟೆ ಬೇಕು. ಚಾಲುಕ್ಯರ ನಾಡಿನಲ್ಲಿ ಕಲ್ಲಿಗೂ ಕಲ್ಲುಕುಟಿಗರಿಗೂ ಕೊರತೆಯಿಲ್ಲ.

ಹುನಗುಂದ, ಇಳಕಲ್ಲಿನ ಕಷ್ಟ ಬೇರೆ. ಅಲ್ಲಿ ರಾಷ್ಟ್ರೀಯ ಹೆದ್ದಾರಿ 50 ಊರಿನ ಮಗ್ಗುಲಲ್ಲಿ ನಾಲ್ಕು ಪಥವಾಗಿ ಹಾಯುತ್ತದೆ. ಈಚೆ ಮನೆ, ಆಚೆ ಹೊಲವಿದ್ದ ರೈತನಿಗೆ ಅದು ನಿತ್ಯ ದಾಟಬೇಕಾದ ಹೊಳೆಯೇ ಸರಿ. ಕೆಳಸೇತುವೆ ದೂರವಿದ್ದರೆ ಜನ ಡಿವೈಡರ್ ಹತ್ತಿಯೇ ದಾಟುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ತಲೆಯ ಮೇಲೆ ಮೇವಿನ ಹೊರೆ ಹೊತ್ತ ಹೆಣ್ಣುಮಗಳಿಗೆ ಒಂದು ಕಿಲೋಮೀಟರ್ ಸುತ್ತಿ ಬಾ ಎನ್ನುವ ವಿನ್ಯಾಸವೇ ತಪ್ಪು. ಜನ ಎಲ್ಲಿ ದಾಟುತ್ತಾರೋ ಅಲ್ಲಿ ದಾರಿ ಮಾಡಿಕೊಡುವುದು ಎಂಜಿನಿಯರರ ಕೆಲಸ.

ಕಬ್ಬಿನ ಹಂಗಾಮಿನ ವಿಷಯವನ್ನು ಬಿಡುವಂತಿಲ್ಲ. ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡಿದ ದಿನದಿಂದ ರಸ್ತೆಯ ತುಂಬ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು. ಕಬ್ಬಿನ ಹೊರೆ ಎರಡೂ ಬದಿಗೆ ಚಾಚಿರುತ್ತದೆ. ಹಿಂದೆ ಕೆಂಪು ದೀಪ ಇರುವುದಿಲ್ಲ. ಗಾಲಿ ಕೆಟ್ಟರೆ ರಾತ್ರಿಯಿಡೀ ರಸ್ತೆಯ ಮೇಲೆಯೇ ನಿಂತಿರುತ್ತದೆ. ಬೈಕು, ಸೈಕಲ್ಲು ಹಿಂದಿನಿಂದ ಹೋಗಿ ಬಡಿಯುತ್ತವೆ. ಪ್ರತಿ ಟ್ರೇಲರಿಗೆ ಬೆಳಕು ಪ್ರತಿಫಲಿಸುವ ಪಟ್ಟಿ ಅಂಟಿಸಲು ಆಗುವ ಖರ್ಚು ಒಂದು ಖೇಪಿನ ಬಾಡಿಗೆಗೂ ಬಹಳ ಕಡಿಮೆ. ಪಟ್ಟಿಯಿಲ್ಲದ ಟ್ರೇಲರನ್ನು ತೂಕದ ಕಾಟಾಕ್ಕೆ ಹತ್ತಿಸುವುದಿಲ್ಲ ಎಂದು ಎಲ್ಲ ಕಾರ್ಖಾನೆಗಳು ಒಟ್ಟಾಗಿ ನಿಯಮ ಮಾಡಿದರೆ ಒಂದೇ ಹಂಗಾಮಿನಲ್ಲಿ ಇದು ಸರಿಹೋಗುತ್ತದೆ. ಇಲ್ಲಿರುವ ಕಬ್ಬು ಬೆಳೆಗಾರರು ಈ ಮಾತನ್ನು ತಮ್ಮ ಸಭೆಗಳಿಗೆ ಒಯ್ಯಬೇಕು.

ಇನ್ನು ಸೈಕಲ್. ವಿಜಯಪುರ–ಬಾಗಲಕೋಟೆ ಅವಳಿ ಜಿಲ್ಲೆಗಳು ಕರ್ನಾಟಕದ ಸೈಕ್ಲಿಂಗ್ ಕ್ರೀಡೆಯ ತವರು. ನಮ್ಮ ಹಳ್ಳಿಗಳ ಜಾತ್ರೆಯಲ್ಲಿ ಸೈಕಲ್ ಶರ್ಯತ್ತು ನೋಡಲು ಊರೇ ಸೇರುತ್ತದೆ. ರೈತ ಕುಟುಂಬಗಳ ಹುಡುಗ ಹುಡುಗಿಯರು ಇಲ್ಲಿಂದ ರಾಷ್ಟ್ರಮಟ್ಟದ ಪದಕ ತಂದಿದ್ದಾರೆ. ಅವರು ಅಭ್ಯಾಸ ಮಾಡುವುದು ಲಾರಿಗಳ ಜೊತೆ ಹೆದ್ದಾರಿಯ ಮೇಲೆ. ಇನ್ನೊಂದು ಕಡೆ, 2006–07ರಲ್ಲಿ ರಾಜ್ಯ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಹೈಸ್ಕೂಲು ಪಕ್ಕದ ಊರಿನಲ್ಲಿದೆ ಎಂಬ ಕಾರಣಕ್ಕೆ ಏಳನೆಯ ತರಗತಿಗೇ ಓದು ನಿಲ್ಲಿಸುತ್ತಿದ್ದ ಹೆಣ್ಣುಮಕ್ಕಳು ಸಾಲುಸಾಲಾಗಿ ಸೈಕಲ್ ತುಳಿಯುತ್ತ ಶಾಲೆಗೆ ಹೋಗುವುದನ್ನು ಈ ನೆಲ ಕಂಡಿತು. ಕೋವಿಡ್ ಕಾಲದಲ್ಲಿ ಆ ಯೋಜನೆ ನಿಂತಿತು. ಅದು ಮತ್ತೆ ಶುರುವಾಗಬೇಕು. ಜೊತೆಗೆ ಆ ಮಕ್ಕಳು ತುಳಿಯುವ ದಾರಿಯೂ ಸುರಕ್ಷಿತವಾಗಬೇಕು. ಸೈಕಲ್ ಕೊಟ್ಟು ದಾರಿ ಕೊಡದಿದ್ದರೆ ಕೆಲಸ ಅರ್ಧಕ್ಕೆ ನಿಂತಂತೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ. ಪ್ರತಿ ಬಸ್ ಪ್ರಯಾಣದ ಎರಡೂ ತುದಿಗೆ ನಡಿಗೆ ಇದೆ. ಮನೆಯಿಂದ ಬಸ್ ಸ್ಟಾಪಿನವರೆಗೆ ದೀಪವಿಲ್ಲದಿದ್ದರೆ ಸಂಜೆಯ ಪಾಳಿಯ ಕೆಲಸಕ್ಕೆ ಹೆಣ್ಣುಮಗಳನ್ನು ಕಳಿಸಲು ಮನೆಯವರು ಹಿಂಜರಿಯುತ್ತಾರೆ.

ಕಾನೂನು ಏನು ಹೇಳುತ್ತದೆ? 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಸ್ಪಷ್ಟವಾಗಿ ಹೇಳಿದೆ: ಮುಂದೆ ಸಾಗಬೇಕಾದವರು ಜನ, ವಾಹನಗಳಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ತನ್ನ 2012ರ ಮಾರ್ಗಸೂಚಿಯಲ್ಲಿ, ಫುಟ್‌ಪಾತಿನ ಮೇಲೆ ಅಡ್ಡಿಯಿಲ್ಲದ ಕನಿಷ್ಠ ಅಗಲ 1.8 ಮೀಟರ್, ಎತ್ತರ 15 ಸೆಂಟಿಮೀಟರಿಗಿಂತ ಹೆಚ್ಚಿರಬಾರದು ಎಂದಿದೆ. ಮೊಣಕಾಲೆತ್ತರದ ಫುಟ್‌ಪಾತ್ ಕಟ್ಟಿದರೆ ಮುದುಕರು ಅದನ್ನು ಹತ್ತಲಾರರು, ಗಾಲಿಕುರ್ಚಿ ಹತ್ತಲಾರದು. ತಪ್ಪು ವಿನ್ಯಾಸದಿಂದ ಸಾವು ಅಥವಾ ಅಂಗವೈಕಲ್ಯ ಆದರೆ ಗುತ್ತಿಗೆದಾರರಿಗೂ ಹೊಣೆಹೊತ್ತ ಪ್ರಾಧಿಕಾರಗಳಿಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಲು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 198ಎ ಕಲಮು ಅವಕಾಶ ಕೊಡುತ್ತದೆ. ಎಲ್ಲಕ್ಕಿಂತ ದೊಡ್ಡದು, 2025ರ ಮೇ 14ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶ. ಅಂಗವಿಕಲರೂ ಬಳಸಬಲ್ಲ, ಒತ್ತುವರಿ ಇಲ್ಲದ ಫುಟ್‌ಪಾತ್ ಪಡೆಯುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಅದು ಸಾರಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ನಡೆಯುವವರ ಮತ್ತು ಮೋಟಾರಿಲ್ಲದ ವಾಹನಗಳ ವಿಷಯದಲ್ಲಿ ಆರು ತಿಂಗಳೊಳಗೆ ನಿಯಮ ರಚಿಸಿ ಎಂದು ರಾಜ್ಯಗಳಿಗೆ ಸೂಚಿಸಿತು. ಆದ್ದರಿಂದ ನಗರಸಭೆಯ ಮುಂದೆ ನಾವು ಕೇಳುವುದು ಉಪಕಾರವನ್ನಲ್ಲ, ನಮಗೆ ಸೇರಿದ್ದನ್ನು.

ಒತ್ತುವರಿ ಎಂದ ಕೂಡಲೆ ಕೆಲವು ಕಡೆ ಮೊದಲು ಎತ್ತಿಸುವುದು ತಳ್ಳುಗಾಡಿಯವರನ್ನು, ಬುಟ್ಟಿಯ ಹೆಣ್ಣುಮಕ್ಕಳನ್ನು. ಇದು ಅನ್ಯಾಯ. ಬೀದಿ ವ್ಯಾಪಾರಿಗಳಿಗೂ 2014ರ ಕಾಯಿದೆ ರಕ್ಷಣೆ ಕೊಟ್ಟಿದೆ. ಅವರ ಪ್ರತಿನಿಧಿಗಳಿರುವ ಪಟ್ಟಣ ವ್ಯಾಪಾರ ಸಮಿತಿ ಕೂಡಿ ಜಾಗ ಗುರುತಿಸಬೇಕು. ಫುಟ್‌ಪಾತಿನ ಜಾಗವನ್ನು ಹೆಚ್ಚು ನುಂಗಿರುವುದು ನಿಂತ ಕಾರು, ಬೈಕು, ಅಂಗಡಿಯಿಂದ ಹೊರಚಾಚಿದ ಮೆಟ್ಟಿಲು. ರಾತ್ರಿ ಎಂಟರವರೆಗೆ ತರಕಾರಿ ಮಾರುವ ಅವ್ವ ಕೂತಿರುವ ಬೀದಿ ಹೆಣ್ಣುಮಕ್ಕಳಿಗೆ ನಿರ್ಜನ ಬೀದಿಗಿಂತ ಹೆಚ್ಚು ಸುರಕ್ಷಿತ. ನಡೆಯುವವರೂ ಬೀದಿ ವ್ಯಾಪಾರಿಗಳೂ ಒಂದೇ ಪಾಲಿನವರು; ಅವರನ್ನು ಪರಸ್ಪರ ಎತ್ತಿಕಟ್ಟಬಾರದು.

ರಸ್ತೆ ಅಗಲವಾದರೇ ಅಭಿವೃದ್ಧಿ, ವಾಹನಕ್ಕೆ ಜಾಗ ಕಡಿಮೆಯಾದರೆ ವ್ಯಾಪಾರ ಕೆಡುತ್ತದೆ ಎಂಬ ಅಂಜಿಕೆ ಪ್ರಾಮಾಣಿಕವಾದದ್ದೇ. ಅದಕ್ಕೆ ಉತ್ತರ ಕೊಟ್ಟ ಊರುಗಳಿವೆ. ಸ್ಪೇನ್ ದೇಶದ ಪೊಂಟೆವೆದ್ರಾ ಎಂಬ ಊರಿನ ಜನಸಂಖ್ಯೆ 80 ಸಾವಿರದಾಚೆ, ಬಾಗಲಕೋಟೆಗಿಂತ ಚಿಕ್ಕದು. 1999ರಿಂದ ಅಲ್ಲಿ ಊರ ನಡುವಿನಿಂದ ಕಾರುಗಳನ್ನು ಹೊರಗಿಟ್ಟು, ಬೀದಿಗಳನ್ನು ನಡೆಯುವವರಿಗೆ ಬಿಟ್ಟುಕೊಟ್ಟರು. ಪೇಟೆ ಸಾಯಲಿಲ್ಲ, ಜನ ನಿಂತು ನೋಡಿ ಕೊಳ್ಳುವ ಪೇಟೆಯಾಯಿತು. ನೆದರ್ಲ್ಯಾಂಡ್ಸ್ ಇಂದು ಸೈಕಲ್ಲಿನ ದೇಶ. ಅದೂ ಹುಟ್ಟಿನಿಂದ ಹಾಗಿರಲಿಲ್ಲ. 1971ರಲ್ಲಿ ಅಲ್ಲಿ ರಸ್ತೆಯಲ್ಲಿ ಸತ್ತವರು 3,000ಕ್ಕೂ ಹೆಚ್ಚು. ಅವರಲ್ಲಿ ಮಕ್ಕಳೇ 400ಕ್ಕೂ ಹೆಚ್ಚು. ಮಗಳನ್ನು ಕಳೆದುಕೊಂಡ ಒಬ್ಬ ಪತ್ರಕರ್ತ ಮಕ್ಕಳ ಕೊಲೆ ನಿಲ್ಲಿಸಿ ಎಂದು ಬರೆದ. ತಾಯಂದಿರು, ತಂದೆಯರು ಮಕ್ಕಳೊಡನೆ ಬೀದಿಗಿಳಿದರು. ಸರಕಾರ ಮಣಿಯಿತು. ಅಲ್ಲಿಯೂ ಸುರಕ್ಷಿತ ಬೀದಿಯನ್ನು ಗಳಿಸಿಕೊಟ್ಟದ್ದು ಸಾಮಾನ್ಯ ಜನರ ಹಟ.

ನಮ್ಮ ಸೀಮೆಯಲ್ಲೂ ಅಂಥ ಹಟಕ್ಕೆ ಮಾದರಿ ಇದೆ. ಇಳಕಲ್ಲಿನ ಮಹಾಂತ ಸ್ವಾಮೀಜಿ 1975ರಿಂದ ಜೋಳಿಗೆ ಹಿಡಿದು ಓಣಿಓಣಿ ತಿರುಗಿ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಸರಕಾರಿ ಆದೇಶಕ್ಕೆ ಕಾಯದೆ ಮನೆಬಾಗಿಲಿಗೆ ಹೋಗಿ ಕೇಳಿದ್ದರಿಂದ ಸಾವಿರಾರು ಸಂಸಾರಗಳು ಉಳಿದವು. ಊರಲ್ಲಿ ವೇಗವಾಗಿ ವಾಹನ ಓಡಿಸುವುದು, ಕುಡಿದು ಓಡಿಸುವುದು, ಹದಿನೆಂಟು ತುಂಬದ ಮಗನಿಗೆ ಬೈಕಿನ ಕೀಲಿ ಕೊಡುವುದು ಕೂಡ ಚಟಗಳೇ. ಇವನ್ನು ಬಿಡಿ ಎಂದು ನೆರೆಮನೆಯವರನ್ನು ಕೇಳುವ ಧೈರ್ಯ ನಮಗೂ ಬೇಕು.

ಕೊನೆಗೆ, ನಿಮ್ಮಿಂದ ಮೂರು ಕೆಲಸ ಬೇಡುತ್ತೇನೆ. ಮೊದಲನೆಯದು, ಆಲಮಟ್ಟಿಯ ನೀರಿನ ಮಟ್ಟ 519.6 ಮೀಟರಿನಿಂದ 524.256 ಮೀಟರಿಗೆ ಏರಿದರೆ ಇನ್ನೂ 20 ಹಳ್ಳಿಗಳು, ಬಾಗಲಕೋಟೆಯ ಇನ್ನಷ್ಟು ಭಾಗ ನೀರಿಗೆ ಹೋಗುತ್ತವೆ. ಅಲ್ಲಿಯ ಜನರಿಗಾಗಿ ಹೊಸ ಬಡಾವಣೆಗಳ, ಪುನರ್ವಸತಿ ಕೇಂದ್ರಗಳ ನಕ್ಷೆ ಬರೆಯಲೇಬೇಕು. ಆ ನಕ್ಷೆಗಳಲ್ಲಿ ಶಾಲೆ, ಸಂತೆ, ಆಸ್ಪತ್ರೆ ನಡೆಯುವ ದೂರದಲ್ಲಿರಲಿ, ಪ್ರತಿ ರಸ್ತೆಯ ಮೊದಲ ಗೆರೆ ಫುಟ್‌ಪಾತಿನದಿರಲಿ ಎಂದು ಈಗಲೇ ಲಿಖಿತವಾಗಿ ಕೇಳಿರಿ. ಎರಡನೆಯದು, ನಗರಸಭೆ, ಪುರಸಭೆಗಳು ವರ್ಷವೂ ಬಜೆಟ್ ಪೂರ್ವಭಾವಿ ಸಭೆ ಕರೆಯುತ್ತವೆ. ಅಲ್ಲಿಗೆ ಹೋಗಿ ನಿಮ್ಮ ಓಣಿಯ ಒಂದು ಶಾಲೆಯ ಮುಂದೆ ಎತ್ತರಿಸಿದ ದಾಟುಪಟ್ಟಿ, 30ರ ವೇಗಮಿತಿ, ಒಂದು ದೀಪ, ಗಟಾರಕ್ಕೆ ಮುಚ್ಚಳ ಕೇಳಿರಿ; ಇಷ್ಟೇ ಕೇಳಿ, ಆಗುವವರೆಗೂ ಬೆನ್ನು ಹತ್ತಿರಿ. ಮೂರನೆಯದು, ಗುರುತು ಸಿಗದ ವಾಹನ ಬಡಿದು ಸತ್ತವರ ಕುಟುಂಬಕ್ಕೆ 2 ಲಕ್ಷ, ತೀವ್ರವಾಗಿ ಗಾಯಗೊಂಡವರಿಗೆ 50 ಸಾವಿರ ರೂಪಾಯಿ ಪರಿಹಾರ 2022ರ ಏಪ್ರಿಲಿನಿಂದ ಜಾರಿಯಲ್ಲಿದೆ. ಇದನ್ನು ಅರಿಯದೆ ಕೈಬಿಟ್ಟ ಕುಟುಂಬ ನಿಮ್ಮ ಊರಿನಲ್ಲಿದ್ದರೆ ಅವರ ಜೊತೆ ತಹಶೀಲ್ದಾರ ಕಚೇರಿಯವರೆಗೆ ನಡೆದು ಹೋಗಿರಿ.

ಮಕ್ಕಳು ಒಬ್ಬರೇ ನಡೆದು ಶಾಲೆಗೆ ಹೋಗಿ ಬರಬಲ್ಲ ಊರು ಎಲ್ಲರಿಗೂ ಒಳ್ಳೆಯ ಊರು. ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್, ಕಲಾದಗಿ ಅಂಥ ಊರುಗಳಾಗುವುದು ನಾವು ಕೇಳುವುದರ ಮೇಲೆ ನಿಂತಿದೆ. ಕೇಳೋಣ.